ಘಟಪ್ರಭೆಯ ಒಂದು ಸುತ್ತು

ಧೂಪದಾಳದಿಂದ ಘಟಪ್ರಭಾ ಹೊಳೆಗುಂಟ ಕೊಣ್ಣೂರಿಗೆ ಬಂದು, ಗೋಕಾಕ ಫಾಲ್ಸ್ ನೋಡಿ, ಗೋಕಾಕ ಪೇಟೆ ದಾಟಿ, ಲೋಳಸೂರ ಸೇತುವೆ ಮೇಲಿಂದ ಅರಭಾವಿಗೆ ಹಾಯ್ದು, ಮತ್ತೆ ಧೂಪದಾಳದ ಹತ್ತಿರದ ಘಟಪ್ರಭಾ ಸ್ಟೇಷನ್ನಿಗೆ ತಿರುಗಿದರೆ ಒಂದು ಸುತ್ತು ಪೂರ್ತಿ. ಈ ಹಾದಿಗೆ ಹೆಸರಿಲ್ಲ, ಕೈಕಂಬವೂ ಇಲ್ಲ. ಪ್ರವಾಸಿಗರು ಕಾರಿನಲ್ಲಿ ಬಂದು ಧಬಧಬೆಯೆದುರು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಆದರೆ ಒಂದು ಹೊಳೆಯನ್ನು ಮನುಷ್ಯ ಹೇಗೆಲ್ಲ ದುಡಿಸಿಕೊಂಡ ಎಂಬ ಕತೆ ಈ ಸುತ್ತಿನ ಉದ್ದಕ್ಕೂ ಬಿದ್ದುಕೊಂಡಿದೆ.

ಫಾಲ್ಸಿನಲ್ಲಿ ನೀರು ಕುದುರೆಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆಗಾಲದಲ್ಲಿ ಕೆಂಪು ರಾಡಿನೀರಿನ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳದು. ಇತಿಹಾಸ ನೋಡಬೇಕೆಂದವರು ಮಾತ್ರ ನೀರು ಇಳಿದ ಮೇಲೆ ಹೋಗುವುದೇ ಲೇಸು. ಆಗಲೇ ಬಂಡೆ, ಗುಡಿ, ಗಿರಣಿ ಮೂರೂ ಒಟ್ಟಿಗೆ ಕಣ್ಣಿಗೆ ಬೀಳುವುದು. ದಂಡೆಯ ಮೇಲಿನ ಮಹಾಲಿಂಗೇಶ್ವರ ಗುಡಿ ಚಾಲುಕ್ಯ ಶೈಲಿಯದು. ನೀರು ಧುಮುಕುವ ಜಾಗ ದೇವರದು ಎಂದು ಅದನ್ನು ಕಟ್ಟಿದವರು ಬಗೆದರು. ಅದೇ ಜಾಗದಲ್ಲಿ ಮುಂದೆ ಬಂದವರಿಗೆ ಕಂಡದ್ದು ಅಶ್ವಶಕ್ತಿ.

1885ರಲ್ಲಿ ಗೋಕಾಕದ ನೀರುಶಕ್ತಿಯನ್ನು ನಂಬಿ ಒಂದು ಕಂಪನಿ ಹುಟ್ಟಿತು. ಎರಡು ವರ್ಷಗಳಲ್ಲಿ ನೂಲಿನ ಗಿರಣಿ ತಿರುಗತೊಡಗಿತು. ಮೇಲಿನ ನೀರನ್ನು ಕೊಳವೆಯಲ್ಲಿ ಕೆಳಕ್ಕಿಳಿಸಿ ಚಕ್ರ ತಿರುಗಿಸುವುದು ಇದರ ಹೂಟ. 1887ರಲ್ಲೇ ಇಲ್ಲಿ ವಿದ್ಯುತ್ತೂ ಹುಟ್ಟಿತೆಂಬುದು ಊರಿನವರ ಹೆಮ್ಮೆ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಶುರುವಾದದ್ದು 1902ರಲ್ಲಿ. ಯಾರು ಮೊದಲು ಎಂಬ ಜಗಳಕ್ಕಿಂತ ಒಂದು ಫರಕು ಮುಖ್ಯ: ಶಿವನಸಮುದ್ರದ ಶಕ್ತಿ ತಂತಿ ಹಿಡಿದು ದೂರದ ಕೋಲಾರದ ಚಿನ್ನದ ಗಣಿಗೆ ಓಡಿತು, ಗೋಕಾಕದ ಶಕ್ತಿ ದಂಡೆಯ ಮೇಲಿನ ಗಿರಣಿಗೇ ದುಡಿಯಿತು. ಹಾಗಾಗಿ ಇಲ್ಲಿ ಕಾರ್ಖಾನೆಯ ಬೆನ್ನಿಗೆ ಚಾಳು, ಸಾಲಿ, ದವಾಖಾನೆ ಸೇರಿ ಊರೇ ಬೆಳೆಯಿತು. ಆ ಊರಿನ ಹೆಸರೂ ಗೋಕಾಕ ಫಾಲ್ಸ್!

ಹೊಳೆಗೆ ಅಡ್ಡಲಾಗಿ ತೂಗುವ ಸೇತುವೆ ಬ್ರಿಟಿಷರ ಕಾಲದ್ದು. ಉದ್ದ ಸುಮಾರು 200 ಮೀಟರ್. ಇಂದು ಸೆಲ್ಫಿಯ ತಾಣವಾಗಿರುವ ಇದು ಮೂಲದಲ್ಲಿ ದುಡಿಯುವವರ ಹಾದಿ. ನಡುವೆ ನಿಂತರೆ ಕಾಲಡಿಯ ಹಲಗೆ ಅಲ್ಲಾಡುತ್ತದೆ, ಸಂದಿಯಲ್ಲಿ ಬಂಡೆಯ ಕೊರಕಲು ಕಾಣುತ್ತದೆ.

ಇಂಗ್ಲೆಂಡಿನಲ್ಲೂ ಗಿರಣಿಗೂ ಕಾಲ್ನಡಿಗೆಗೂ ನಂಟುಂಟು. ಜಮೀನ್ದಾರರ ಉದ್ಯಾನಗಳ ನಡುವೆ ಹಾಯುವ ಅಲ್ಲಿನ ಅನೇಕ ಹಳ್ಳಿಹಾದಿಗಳು ಇಂದು ಎಲ್ಲರಿಗೂ ತೆರೆದಿವೆ. ಆದರೆ ಬೇಟೆಗೆಂದು ಒಡೆಯರು ಬೇಲಿ ಹಾಕಿಕೊಂಡಿದ್ದ ಬಯಲುಗಳೂ ಇದ್ದವು. 1932ರ ಏಪ್ರಿಲ್ 24ರಂದು ಗಿರಣಿಗಳ ಊರಾದ ಮ್ಯಾಂಚೆಸ್ಟರ್ ಸುತ್ತಿನ ಕಾರ್ಮಿಕ ಯುವಕರು ನಡೆಯುವ ಹಕ್ಕು ಕೇಳಿ, ಅಂಥದೇ ಬೇಟೆಬಯಲಾಗಿದ್ದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಗುಂಪಾಗಿ ನುಗ್ಗಿದರು. ಕೆಲವರು ಜೈಲು ಕಂಡರು. 1949ರ ಕಾನೂನು ಕಾಲುಹಾದಿಗಳನ್ನು ದಾಖಲೆಗೆ ಏರಿಸಿತು. ನಮ್ಮ ಬಂಡಿಜಾಡು, ಕಾಲುದಾರಿಗಳು ಹಳೆಯ ನಕಾಶೆಯಲ್ಲಿದ್ದರೂ ಹೊಲದವನು ಒಂದು ಸಾಲು ಹೆಚ್ಚು ಹೊಡೆದರೆ ಮಾಯ. ಹಾದಿಯ ಹಕ್ಕಿಗಾಗಿ ಇಲ್ಲಿ ಗುಡ್ಡ ಹತ್ತಿದವರಿಲ್ಲ, ತಹಶೀಲ್ದಾರ ಕಚೇರಿಯ ಮೆಟ್ಟಿಲು ಹತ್ತಿದವರು ಬೇಕಾದಷ್ಟು.

ಮತ್ತೆ ಹೊಳೆಗೆ ಬಂದರೆ, ನಮ್ಮ ಸುತ್ತಿನ ಮೇಲಿನ ತುದಿ ಧೂಪದಾಳ. 1876–78ರ ಭೀಕರ ಬರ ಕಂಡ ಸೀಮೆಗೆ ಕಾಲುವೆ ಅನಿವಾರ್ಯವಾಗಿತ್ತು. ಇಲ್ಲಿನ ಒಡ್ಡು 1897ರಲ್ಲಿ ಮುಗಿಯಿತು. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದಲೇ. ನಿಂತ ನೀರಿಗೆ ಹಕ್ಕಿಗಳು ಬಂದವು. 1974ರಲ್ಲಿ ಆ ಹಿನ್ನೀರಿನ ಪ್ರದೇಶ ಪಕ್ಷಿಧಾಮವಾಯಿತು. ನೀರಾವರಿ ಇಂಜಿನಿಯರುಗಳ ಲೆಕ್ಕದಲ್ಲಿ ಕೊಕ್ಕರೆಗಳು ಇರಲಿಲ್ಲ, ಆದರೂ ಲಾಭ ಅವಕ್ಕೂ ಸಿಕ್ಕಿತು. ಇನ್ನೂ ಮೇಲೆ, ಹುಕ್ಕೇರಿ ಸೀಮೆಯ ಹಿಡಕಲ್ಲಿನಲ್ಲಿ, 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಬಂದ ಮೇಲೆ ಫಾಲ್ಸಿನ ರಭಸವೂ ಅದರ ಗೇಟಿನ ಮರ್ಜಿಗೆ ಬಿದ್ದಿತು.

ಹತ್ತಿರದ ಘಟಪ್ರಭಾದಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯ ಧಾಮ ಇದೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಸೇವಾದಳ ಕಟ್ಟಿದ ನಾ. ಸು. ಹರ್ಡೀಕರರ ಹೆಸರು ಈ ಊರಿಗೆ ಅಂಟಿಕೊಂಡೇ ಇದೆ.

ಗೋಕಾಕದಲ್ಲಿ ಅಲ್ಲಿನ ಸಿಹಿತಿಂಡಿ ಕರದಂಟು ಕಟ್ಟಿಸಿಕೊಳ್ಳದೆ ಮುಂದೆ ಹೋಗುವವರು ಕಡಿಮೆ. ಅಲ್ಲಿಂದಾಚೆ ಲೋಳಸೂರ ಸೇತುವೆ. 2019ರ ಆಗಸ್ಟಿನಲ್ಲಿ ಹೊಳೆ ಅದರ ಮೇಲೇರಿ ಹರಿಯಿತು. ಗೋಕಾಕ ಪೇಟೆಯ ಓಣಿಗಳಿಗೂ ನೀರು ನುಗ್ಗಿತು. ಅಂಥ ದಿನಗಳಲ್ಲಿ ಈ ಸುತ್ತು ಕಡಿದುಹೋಗುತ್ತದೆ.

ಸೇತುವೆ ದಾಟಿದರೆ ಕಾಲುವೆ ಸೀಮೆ ಶುರು: ಕಬ್ಬು, ಗೋವಿನಜೋಳ, ಕಬ್ಬಿನ ಟ್ರ್ಯಾಕ್ಟರಿನ ಸಾಲು. ಅರಭಾವಿಯಲ್ಲಿ ದುರದುಂಡೀಶ್ವರ ಮಠವಿದೆ, ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿದ್ದ ಕಾಲೇಜು, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅತ್ತ ಸೇರಿತು. ಇಡೀ ಸುತ್ತಿನಲ್ಲಿ ಇಂಗ್ಲಿಷ್ ಜಮೀನ್ದಾರರ ಉದ್ಯಾನಕ್ಕೆ ಹತ್ತಿರವಾದದ್ದೇನಾದರೂ ಇದ್ದರೆ ಅದು ಈ ಕಾಲೇಜಿನ ತೋಟ. ಒಂದೇ ವ್ಯತ್ಯಾಸ: ಇಲ್ಲಿ ಅಲ್ಲಿನಂತೆ ಜಿಂಕೆ ಸಾಕಿದ ದೊರೆಯಿಲ್ಲ, ಸಸಿಗೆ ಕಸಿ ಕಟ್ಟುವ ವಿದ್ಯಾರ್ಥಿಗಳಿದ್ದಾರೆ.