ಕರೆಂಟು ಕೊಡಲು ಮೂವತ್ತು ದಿನ ಯಾಕೆ?

ಮಿದುಳಿನ ಗಡ್ಡೆಯ ಆಪರೇಷನ್ ಒಂದು ದಿನದ ಕೆಲಸ. ಥಿಯೇಟರಿನ ಹೊರಗೆ ಕೂತವರಿಗೆ ಆ ಆರೆಂಟು ಗಂಟೆ ಮುಗಿಯೋದೇ ಇಲ್ಲ ಅನ್ನಿಸಬಹುದು, ಆದರೂ ಸಂಜೆಯೊಳಗೆ ಒಂದು ಉತ್ತರ ಸಿಗುತ್ತದೆ. ಕಷ್ಟ ಶುರುವಾಗೋದು ಆಮೇಲೆ. ‘ಗಡ್ಡೆ ತೆಗೆದಿದ್ದೀವಿ, ಇನ್ನು ರೇಡಿಯೇಷನ್ ಆಗಬೇಕು. ವಾರಕ್ಕೆ ಐದು ದಿನ, ಆರು ವಾರ’ ಅಂತ ಡಾಕ್ಟರು ಹೇಳಿದಾಗ. ನಮ್ಮ ಕಡೆ ಇದಕ್ಕೆ ‘ಕರೆಂಟು ಕೊಡೋದು’ ಅಂತಾರೆ. ಮೆಷಿನ್ ಕೆಳಗೆ ದಿನಕ್ಕೆ ಕೆಲವೇ ನಿಮಿಷ. ಅಷ್ಟೇ ಆದ್ರೆ ಎಲ್ಲಾ ಸೇರಿಸಿ ಒಂದೇ ದಿನ ಕೊಟ್ಟು ಊರಿಗೆ ಕಳಿಸಬಾರದಾ?

ಈ ಪ್ರಶ್ನೆಯನ್ನು ದಡ್ಡತನದ್ದು ಅಂದುಕೊಳ್ಳಬೇಡಿ. ಯೂರೋಪಿನ ದೊಡ್ಡ ದೊಡ್ಡ ಪ್ರೊಫೆಸರುಗಳೂ ಇದನ್ನೇ ಕೇಳಿಕೊಂಡು ವರ್ಷಗಟ್ಟಲೆ ಜಗಳವಾಡಿದ್ದಾರೆ.

ಆದರೆ ಗೌರಸಮುದ್ರದಿಂದ ಬಂದವರು ಕೇಳಿದಾಗ ಅದಕ್ಕೆ ಬೇರೆಯೇ ತೂಕ. ಊರು ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ, ಮಾರಮ್ಮನ ಜಾತ್ರೆಗೆ ಹೆಸರುವಾಸಿ. ಭಾದ್ರಪದದ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಜನ ಬಂದು ಸೇರುತ್ತಾರೆ. ಸುತ್ತ ಮಳೆ ನಂಬಿದ ಶೇಂಗಾ ಹೊಲ, ಕುರಿ, ಕಂಬಳಿ. ಬೆಂಗಳೂರು 200 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿನ ಒಂದು ಮನೆಯ ಏಳೆಂಟು ವರ್ಷದ ಮಗುವಿಗೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ ಅಂದುಕೊಳ್ಳಿ. ಮೊದಲು ಎಲ್ಲರೂ ಪಿತ್ತ ಅಂತಾರೆ. ನಡಿಗೆ ತೂರಾಡಲು ಶುರುವಾದಾಗ ಅಮ್ಮನಿಗೆ ಹರಕೆ, ಆಮೇಲೆ ಚಿತ್ರದುರ್ಗ, ಆಮೇಲೆ ಸ್ಕ್ಯಾನು, ಕೊನೆಗೆ ಬೆಂಗಳೂರಿನ ಹೊಸೂರು ರಸ್ತೆ. ಕಿರುಮಿದುಳಿನಲ್ಲಿ ಬೆಳೆದ ಗಡ್ಡೆ ಮಿದುಳಿನ ನೀರು ಹರಿಯುವ ದಾರಿಗೆ ಅಡ್ಡ ನಿಂತಿರುತ್ತದೆ. ಅದರ ಹೆಸರು ಮೆಡುಲ್ಲೊಬ್ಲಾಸ್ಟೊಮಾ. ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಐದಾರು ಮಂದಿಗೆ ಬರುವ ಕಾಯಿಲೆ, ದೊಡ್ಡವರಲ್ಲಿ ಇನ್ನೂ ಅಪರೂಪ.

ಈ ಹೆಸರಿಟ್ಟವರು ಅಮೆರಿಕದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೈಲಿ, 1925ರಲ್ಲಿ. ಕುಶಿಂಗ್ ಅಂದ್ರೆ ಮಿದುಳಿನ ಶಸ್ತ್ರಚಿಕಿತ್ಸೆಯನ್ನೇ ಒಂದು ವಿದ್ಯೆಯಾಗಿ ನಿಲ್ಲಿಸಿದ ಮನುಷ್ಯ. ಅಂಥವರ ಕೈಗೂ ಇದು ಬಗ್ಗಲಿಲ್ಲ. 1930ರಲ್ಲಿ ಅವರು ಒಪ್ಪಿಸಿದ ಲೆಕ್ಕದಲ್ಲಿ ಇದ್ದದ್ದು 61 ರೋಗಿಗಳು, ಮೂರು ವರ್ಷ ದಾಟಿದ್ದು ಒಬ್ಬರೇ ಒಬ್ಬರು. ಕಾರಣ ಕತ್ತಿಯ ಚುರುಕಿನಲ್ಲಿರಲಿಲ್ಲ. ಈ ಗಡ್ಡೆಯ ಕಣಗಳು ಮಿದುಳು-ಬೆನ್ನುಹುರಿಯ ಸುತ್ತ ಹರಿಯುವ ನೀರಿನಲ್ಲಿ ತೇಲಿಹೋಗಿ ಬೇರೆಲ್ಲೋ ಬೇರೂರುತ್ತವೆ. ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದರೂ ಕಾಣದ್ದು ಉಳಿದಿರುತ್ತದೆ. ಅದನ್ನು ಮುಟ್ಟಲು ಕಿರಣವೇ ಬೇಕು. ಕುಶಿಂಗ್‌ಗೂ ಅದು ಹೊಳೆದಿತ್ತು, ಎಕ್ಸ್‌ರೇ ಕೊಡಿಸಿಯೂ ನೋಡಿದ್ದರು. ಆದರೆ ಎಲ್ಲಿಗೆ, ಎಷ್ಟು, ಎಷ್ಟು ದಿನ? ಅದಿನ್ನೂ ಯಾರಿಗೂ ಖಚಿತವಿರಲಿಲ್ಲ.

ಇದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಟಗರಿನ ಮೇಲೆ ಪ್ರಯೋಗ ನಡೆಯುತ್ತಿತ್ತು. ಕುರಿ ಸೀಮೆಯವರಿಗೆ ಇದನ್ನು ವಿವರವಾಗಿ ಹೇಳಲೇಬೇಕು. ಕ್ಲಾಡ್ ರೆಗೋ ಎಂಬ ವಿಜ್ಞಾನಿ ಟಗರಿನ ಬೀಜಕ್ಕೆ ಕಿರಣ ಹಾಯಿಸಿ ಹಿಡ ಮಾಡಲು ನೋಡಿದರು. ಒಂದೇ ಸಲಕ್ಕೆ ಅಷ್ಟೂ ಕೊಟ್ಟರೆ ಮೇಲಿನ ಚರ್ಮ ಸುಟ್ಟು ಹುಣ್ಣಾಗುತ್ತಿತ್ತು. ಅದನ್ನೇ ಸಣ್ಣ ಸಣ್ಣ ಪಾಲು ಮಾಡಿ ಬಿಡುವು ಕೊಟ್ಟು ಕೊಡುತ್ತಾ ಹೋದಾಗ ಚರ್ಮ ಉಳಿಯಿತು, ಬೀಜದ ಕೆಲಸ ನಿಂತಿತು. ಬೀಜದೊಳಗಿನ ಕಣಗಳು ಎಡೆಬಿಡದೆ ಒಡೆದು ಬೆಳೆಯುವಂಥವು, ಕ್ಯಾನ್ಸರ್ ಗಡ್ಡೆಯ ಹಾಗೆ. ಚರ್ಮಕ್ಕೆ ಆದ ಗಾಯವನ್ನು ದೇಹ ರಾತ್ರಿ ಕಳೆಯುವಷ್ಟರಲ್ಲಿ ಒಂದಿಷ್ಟು ರಿಪೇರಿ ಮಾಡಿಕೊಂಡಿರುತ್ತದೆ. ಗಡ್ಡೆಗೆ ಆ ರಿಪೇರಿ ಅಷ್ಟು ಚೆನ್ನಾಗಿ ಬರೋದಿಲ್ಲ. ಇವತ್ತು ಸ್ವಲ್ಪ ಹೊಡೆತ, ನಾಳೆ ಸ್ವಲ್ಪ. ಪ್ರತಿದಿನದ ಈ ಸಣ್ಣ ವ್ಯತ್ಯಾಸವೇ ಕೂಡುತ್ತಾ ಹೋಗಿ ಕೊನೆಗೆ ಒಂದು ಬದುಕಿ ಇನ್ನೊಂದು ಸಾಯುತ್ತದೆ. ರೆಗೋ ಜೊತೆ ಕೆಲಸ ಮಾಡುತ್ತಿದ್ದ ಆನ್ರಿ ಕುತಾರ್ 1920ರ ದಶಕದಲ್ಲಿ ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ಇದೇ ಕ್ರಮ ಅನುಸರಿಸಿ ಗುಣಪಡಿಸಿ ತೋರಿಸಿದರು. ಒಂದೇ ಏಟಿನಲ್ಲಿ ಮುಗಿಸಬೇಕೆನ್ನುತ್ತಿದ್ದ ಜರ್ಮನ್ ಪಂಥ ಹಿಂದೆ ಸರಿಯಿತು.

ಅಂದ್ರೆ ಆ ಮೂವತ್ತು ದಿನ ಔಷಧಿ ಕೊಡಲು ಹಿಡಿಯುವ ಸಮಯ ಅಲ್ಲ. ಔಷಧಿಯ ಅರ್ಧ ಭಾಗವೇ ಆ ದಿನಗಳು. (ಒಂದೇ ದಿನದ ಚಿಕಿತ್ಸೆಯೂ ಇದೆ: ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1968ರಲ್ಲಿ ಬಳಕೆಗೆ ತಂದ ಗಾಮಾ ನೈಫ್. ಅದು ಚಿಕ್ಕದಾಗಿ, ಅಂಚು ಸ್ಪಷ್ಟವಾಗಿ ಇರುವ ಗಡ್ಡೆಗೆ. ನೀರಿನಲ್ಲಿ ತೇಲಿಹೋದ ಕಣಗಳನ್ನು ಅದು ಹುಡುಕಲಾರದು.)

ಮೆಡುಲ್ಲೊಬ್ಲಾಸ್ಟೊಮಾದ ಕಥೆ ತಿರುಗಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಕ್ರಿಸ್ಟಿ ಆಸ್ಪತ್ರೆಯ ಎಡಿತ್ ಪ್ಯಾಟರ್ಸನ್ ಎಂಬ ವೈದ್ಯೆ ಗಡ್ಡೆ ಇದ್ದ ಜಾಗಕ್ಕಷ್ಟೇ ಅಲ್ಲ, ಇಡೀ ಮಿದುಳು ಮತ್ತು ಬೆನ್ನುಹುರಿಗೆ ಕಿರಣ ಕೊಟ್ಟರು. 1953ರಲ್ಲಿ ಸಹೋದ್ಯೋಗಿ ಫಾರ್ ಜೊತೆ ಪ್ರಕಟಿಸಿದ ವರದಿಯಲ್ಲಿದ್ದದ್ದು ಬರೀ 27 ರೋಗಿಗಳು. ಆದರೆ ಮೂರು ವರ್ಷ ದಾಟಿದವರು ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು. ಕುಶಿಂಗ್ ಲೆಕ್ಕ ನೆನಪಿದೆಯಲ್ಲ? ಅಪರೂಪದ ಕಾಯಿಲೆಗಳ ಇತಿಹಾಸ ಹೀಗೇ ಇರುತ್ತದೆ. ಸಾವಿರಾರು ಜನರ ಅಧ್ಯಯನ ಯಾರ ಕೈಗೂ ಸಿಗೋದಿಲ್ಲ, ಯಾರೋ ಒಬ್ಬರು ಬಂದ ಪ್ರತಿ ಮಗುವಿನ ಕಡತವನ್ನೂ ವರ್ಷಗಟ್ಟಲೆ ಜೋಪಾನ ಮಾಡಿರುತ್ತಾರೆ.

ಗೆಲುವಿಗೆ ಬೆಲೆಯೂ ಇತ್ತು. ಬದುಕಿ ಉಳಿದ ಮಕ್ಕಳು ಬೆಳೆದಂತೆ ಅದು ಕಾಣಿಸಿತು. ಕಿರಣ ಬಿದ್ದ ಬೆನ್ನುಮೂಳೆ ಸರಿಯಾಗಿ ಬೆಳೆಯದೆ ಎತ್ತರ ಕಡಿಮೆ. ಹಾರ್ಮೋನುಗಳ ಕೊರತೆ. ಓದಿನಲ್ಲಿ ನಿಧಾನ, ಮಗ್ಗಿ ನೆನಪಿಟ್ಟುಕೊಳ್ಳಲು ಒದ್ದಾಟ. ಅಲ್ಲಿಂದ ಮುಂದಿನ ಐವತ್ತು ವರ್ಷದ ಸಂಶೋಧನೆಯೆಲ್ಲ ‘ಎಷ್ಟು ಕಡಿಮೆ ಕೊಟ್ಟರೆ ಸಾಕು’ ಅನ್ನುವುದರ ಸುತ್ತಲೇ ನಡೆದಿದೆ. ಇಡೀ ಮಿದುಳು-ಬೆನ್ನಿಗೆ 36 ಗ್ರೇ ಇದ್ದದ್ದು, ಕೀಮೊಥೆರಪಿ ಜೊತೆ ಸೇರಿಸಿದಾಗ, ಅಪಾಯ ಕಡಿಮೆ ಇರುವ ಮಕ್ಕಳಲ್ಲಿ 23.4ಕ್ಕೆ ಇಳಿಯಿತು. ಮೂರು ವರ್ಷದೊಳಗಿನ ಕೂಸುಗಳಿಗೆ ಆದಷ್ಟು ಕಿರಣವನ್ನೇ ಮುಂದೂಡುತ್ತಾರೆ. ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಇವತ್ತಿಗೂ ಒಟ್ಟು ಸುಮಾರು 54 ಗ್ರೇ ಬೇಕು. ದಿನಕ್ಕೆ 1.8ರಂತೆ ಭಾಗಿಸಿ ನೋಡಿ, ಸರಿಯಾಗಿ ಮೂವತ್ತು.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ತೆರೆದರು. ಚರ್ಮವನ್ನು ಅಷ್ಟಾಗಿ ಸುಡದೆ ಆಳಕ್ಕೆ ಇಳಿಯುವ ಕೋಬಾಲ್ಟ್ ಯಂತ್ರ 1951ರಲ್ಲಿ ಕೆನಡಾದಲ್ಲಿ ಕೆಲಸ ಶುರು ಮಾಡಿ, 1957ರಲ್ಲಿ ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿಗೆ ಬಂತು. 1958ರಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಬಂದು ಸೇರಿದ ಮೇಲೆ ಮಿದುಳಿನ ಆಪರೇಷನ್ ನಮ್ಮ ರಾಜ್ಯದ್ದೇ ಆಯಿತು. ಆ ಸಂಸ್ಥೆ 1974ರ ಡಿಸೆಂಬರ್ 27ರಂದು ಹಳೆಯ ಮೆಂಟಲ್ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಅದಕ್ಕೆ ಹದಿನೆಂಟು ತಿಂಗಳು ಮುಂಚೆ, 1973ರ ಜೂನ್ 26ಕ್ಕೆ, ಅದೇ ರಸ್ತೆಯಲ್ಲಿ ಕಿದ್ವಾಯಿ ಗಂಥಿ ಸಂಸ್ಥೆ ಶುರುವಾಗಿತ್ತು. ಮೊದಲ ನಿರ್ದೇಶಕರು ಡಾ. ಎಂ. ಕೃಷ್ಣ ಭಾರ್ಗವ. ಹೆಸರು ಯಾಕೆ ಕಿದ್ವಾಯಿ ಅಂದ್ರೆ, ನೆಹರೂ ಸಂಪುಟದಲ್ಲಿದ್ದ ಉತ್ತರ ಪ್ರದೇಶದ ರಫಿ ಅಹ್ಮದ್ ಕಿದ್ವಾಯಿ ಒಂದು ಲಕ್ಷ ರೂಪಾಯಿ ಕೊಟ್ಟು, ಅಂಚೆ-ತಂತಿ ಇಲಾಖೆಯಿಂದ ಇನ್ನೊಂದು ಲಕ್ಷ ಕೊಡಿಸಿದ್ದರು. ಆ ಹಣ ಬಂದದ್ದು ರೇಡಿಯೊಥೆರಪಿ ಘಟಕಕ್ಕೇ. ಡೈರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬೈದುಕೊಳ್ಳುತ್ತಾ ನಿಂತಿರುವಾಗ ಆ ಎರಡು ಬೋರ್ಡುಗಳನ್ನು ನೀವೂ ಎಷ್ಟೋ ಸಲ ನೋಡಿರುತ್ತೀರಿ. ಒಂದು ಕಡೆ ತಲೆ ತೆರೆದು ಗಡ್ಡೆ ತೆಗೆಯುತ್ತಾರೆ, ಇನ್ನೊಂದು ಕಡೆ ಕರೆಂಟು ಕೊಡುತ್ತಾರೆ. ಬ್ಯಾಂಡೇಜು ಸುತ್ತಿದ ತಲೆ, ಕೈಯಲ್ಲಿ ಸ್ಕ್ಯಾನಿನ ದೊಡ್ಡ ಕವರು ಹಿಡಿದು ಇವುಗಳ ನಡುವೆ ಓಡಾಡುವವರಲ್ಲಿ ಬಹಳಷ್ಟು ಮಂದಿ ದೂರದ ಜಿಲ್ಲೆಗಳವರು.

ಚಿಕಿತ್ಸೆ ಹೇಗಿರುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮಗುವಿನ ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ತಲೆ ಒಂದಿಷ್ಟೂ ಅಲುಗಬಾರದು ಅಂತ ದಿನಾ ಆ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ. ಆಮೇಲೆ ಎಲ್ಲರೂ ಹೊರಗೆ, ಅಮ್ಮ ಕೂಡ. ದಪ್ಪ ಗೋಡೆಯ ಕೋಣೆಯಲ್ಲಿ ಮಗು ಒಂದೇ. ತೀರಾ ಚಿಕ್ಕ ಮಕ್ಕಳಾದರೆ ದಿನಾ ಅರಿವಳಿಕೆ ಕೊಡಬೇಕಾಗುತ್ತದೆ, ಅಂದ್ರೆ ಮೂವತ್ತು ಸಲ. ನೋವೇನೂ ಆಗೋದಿಲ್ಲ. ಮೂರನೇ ವಾರದ ಹೊತ್ತಿಗೆ ಕೂದಲು ಉದುರುತ್ತದೆ, ಊಟ ಸೇರೋದಿಲ್ಲ, ರಕ್ತದ ಕಣಗಳು ಇಳಿಯುತ್ತವೆ.

ಮನೆಯವರಿಗೆ ‘ಒಂದೆರಡು ವಾರ ಊರಿಗೆ ಹೋಗಿ ಬರೋಣ’ ಅನ್ನಿಸೋದು ಆಗಲೇ. ಶೇಂಗಾ ಕೀಳುವ ಸಮಯ ಬಂದಿರುತ್ತದೆ, ಊರಲ್ಲಿ ಇನ್ನೊಂದು ಕೂಸನ್ನು ಅಜ್ಜಿ ಹತ್ತಿರ ಬಿಟ್ಟಿರುತ್ತಾರೆ, ಕುರಿ ನೋಡುವವರಿಲ್ಲ. ಆಪರೇಷನ್ ಆಯ್ತಲ್ಲ, ಮಗು ಚೆನ್ನಾಗೇ ಇದೆಯಲ್ಲ ಅನ್ನುವುದೂ ಇರುತ್ತದೆ. ಆ ಎರಡು ವಾರದ ಬೆಲೆ ಎಷ್ಟು ಅಂತ ಯೂರೋಪಿನ ಒಂದು ದೊಡ್ಡ ಅಧ್ಯಯನ 2003ರಲ್ಲಿ ಹೇಳಿತು. ರೇಡಿಯೇಷನ್ ಶುರುವಾಗಿ 50 ದಿನದೊಳಗೆ ಮುಗಿಸಿದ ಮಕ್ಕಳಲ್ಲಿ ಮೂರು ವರ್ಷದ ನಂತರವೂ ರೋಗ ಮರುಕಳಿಸದೆ ಇದ್ದವರು ಶೇ 79ರ ಹತ್ತಿರ. 50 ದಿನ ಮೀರಿದವರಲ್ಲಿ ಶೇ 54. ಎರಡು ಸಲಕ್ಕೆ ನಡುವೆ ಒಂದು ರಾತ್ರಿ ಸಿಕ್ಕರೆ ಒಳ್ಳೆಯ ಕಣ ರಿಪೇರಿಯಾಗುತ್ತದೆ ಅಂದೆನಲ್ಲ, ಹದಿನೈದು ರಾತ್ರಿ ಸಿಕ್ಕರೆ ಗಡ್ಡೆಯೂ ಚೇತರಿಸಿಕೊಳ್ಳುತ್ತದೆ.

ಹಾಗಾಗಿ ರೇಡಿಯೊಥೆರಪಿಯ ಇತಿಹಾಸ ಬರೆಯುವವರು ಯಂತ್ರಗಳ ಜೊತೆ ಧರ್ಮಶಾಲೆಗಳದ್ದೂ ಬರೆಯಬೇಕು ಅನ್ನೋದು ನನ್ನ ವಾದ. ಕಿದ್ವಾಯಿ ಆವರಣದ ಧರ್ಮಶಾಲೆಯಲ್ಲಿ ಸಿಗುವ ಒಂದು ಮಂಚ, ಒಂದು ಊಟ ಸಹ ಚಿಕಿತ್ಸೆಯ ಭಾಗವೇ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡವರ ಆಸ್ಪತ್ರೆ ಖರ್ಚು ಹೊರುತ್ತಿದೆ, ಅದು ಸಣ್ಣ ಮಾತಲ್ಲ. ಆದರೆ ಆರು ವಾರ ಕೂಲಿ ಬಿಟ್ಟು ಮಗುವಿನ ಪಕ್ಕ ಕೂತ ಅಪ್ಪನ ಲೆಕ್ಕ ಆಸ್ಪತ್ರೆಯ ಬಿಲ್ಲಿನಲ್ಲಿ ಬರೋದಿಲ್ಲ.

ಯಂತ್ರವನ್ನೇ ಹತ್ತಿರ ತರಬಹುದಲ್ಲ ಅಂತ ನೀವು ಕೇಳಬಹುದು. ಆ ಯೋಚನೆಯೂ ಹಳೆಯದೇ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ‘ಭಾಭಾಟ್ರಾನ್’ ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರ ರೂಪಿಸಿತು, ಅದರ ಮುಂದಿನ ಮಾದರಿಯನ್ನು ತಯಾರಿಸುವುದು ಬೆಂಗಳೂರಿನದೇ ಒಂದು ಕಂಪನಿ. ವಿಯೆಟ್ನಾಮಿಗೂ ಒಂದನ್ನು ಭಾರತ ಕೊಡುಗೆಯಾಗಿ ಕಳಿಸಿದೆ. ತಮಾಷೆ ಅಂದ್ರೆ ಕೋಬಾಲ್ಟಿನ ಕಿರಣಕ್ಕೆ ‘ಕರೆಂಟು’ ಬೇಕಿಲ್ಲ, ಅದು ತನ್ನಷ್ಟಕ್ಕೆ ಸೂಸುತ್ತಲೇ ಇರುತ್ತದೆ. ಲೋಡ್ ಶೆಡ್ಡಿಂಗ್ ಊರುಗಳಿಗೆ ಅನುಕೂಲವೇ. ಆದರೆ ಸುಮ್ಮನಿಟ್ಟರೂ ಐದು ವರ್ಷ ಚಿಲ್ಲರೆಯಲ್ಲಿ ಅದರ ಶಕ್ತಿ ಅರ್ಧಕ್ಕಿಳಿದು, ದಿನದ ಪಾಳಿ ಉದ್ದವಾಗುತ್ತದೆ, ಹೊಸ ಕೋಬಾಲ್ಟ್ ಹಾಕಿಸಬೇಕಾಗುತ್ತದೆ. ಯಂತ್ರದ ಜೊತೆ ಭೌತವಿಜ್ಞಾನಿ ಬೇಕು, ಟೆಕ್ನಿಷಿಯನ್ ಬೇಕು. ಇಡೀ ಬೆನ್ನುಹುರಿಗೆ ಕಿರಣ ಕೊಡುವಾಗ ತಲೆಯ ಭಾಗ ಮುಗಿದು ಬೆನ್ನಿನ ಭಾಗ ಶುರುವಾಗುವ ಗೆರೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗದಂತೆ ನೋಡಲು ಪಳಗಿದ ಕೈ ಬೇಕು. ಅಪರೂಪದ ಗಡ್ಡೆಗೆ ಅಂಥ ಕೈ ಪಳಗುವುದು ಅಪರೂಪದ ರೋಗಿಗಳೆಲ್ಲ ಒಂದೆಡೆ ಬಂದು ಸೇರಿದಾಗಲೇ. ಜಿಲ್ಲೆಗೊಂದು ಯಂತ್ರ ಇಟ್ಟರೆ ಸ್ತನದ, ಗರ್ಭಕಂಠದ ಕ್ಯಾನ್ಸರಿಗೆ ದೊಡ್ಡ ಉಪಕಾರ ಆದೀತು. ಮೆಡುಲ್ಲೊಬ್ಲಾಸ್ಟೊಮಾ ಆದ ಮಗು ಮಾತ್ರ ಇನ್ನೂ ಬಹುಕಾಲ ಹೊಸೂರು ರಸ್ತೆಗೇ ಬರಬೇಕಾದೀತು.

ಅದೇ ಭಾಭಾ ಕೇಂದ್ರಕ್ಕೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಸಾವಿರದ ಎಂಟುನೂರು ಎಕರೆಗೂ ಹೆಚ್ಚು ಜಾಗ ಕೊಡಲಾಗಿದೆ. ಅಮೃತಮಹಲ್ ಕಾವಲಿನ ಆ ಹುಲ್ಲುಗಾವಲಿನ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಜಾಗ ಕೊಟ್ಟದ್ದು ಬೇರೆ ಕೆಲಸಕ್ಕೆ, ಆಸ್ಪತ್ರೆಗಲ್ಲ. ಗೌರಸಮುದ್ರದ ಕಡೆಯಿಂದ ಬರುವವರು ಚಳ್ಳಕೆರೆ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರಿಗೇ ಬರುತ್ತಾರೆ. ಕೌಂಟರಿನಲ್ಲಿ ಅವರಿಗೆ ಒಂದು ಕಾರ್ಡು ಕೊಡುತ್ತಾರೆ. ಸೋಮವಾರದಿಂದ ಶುಕ್ರವಾರದ ತನಕ ದಿನಾ ಅದರ ಮೇಲೆ ಒಂದು ಗುರುತು ಬೀಳುತ್ತದೆ. ಅಪ್ಪ-ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡು, ಇನ್ನೆಷ್ಟು ಉಳಿದಿವೆ ಅಂತ ಎಣಿಸುತ್ತಿರುತ್ತಾರೆ.