ಅಂಕಣ, ಬಸದಿ, ಗುಮ್ಮಟ: ಒಳಗಿನ ಜಾಗದ ಲೆಕ್ಕ

ಬಸದಿ ಅಂದ ಕೂಡಲೇ ನಮಗೆ ಜಿನಾಲಯ ನೆನಪಾಗುತ್ತೆ. ಪದದ ಮೂಲ ಸಂಸ್ಕೃತದ ‘ವಸತಿ’, ಅಂದರೆ ಇರುವ ಜಾಗ. ದೇಗುಲವೂ ಹಾಗೇ, ‘ದೇವಕುಲ’ದಿಂದ ಬಂದದ್ದು, ದೇವರ ಮನೆ. ಗೋಡೆ, ಶಿಖರಗಳ ಸುದ್ದಿ ಈ ಹೆಸರುಗಳಲ್ಲಿಲ್ಲ; ಒಳಗೆ ಯಾರಿದ್ದಾರೆ ಅನ್ನೋದಷ್ಟೇ ಇದೆ.

ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟವನ್ನೇ ನೋಡಿ. ಶಾಸನಗಳು ಇದನ್ನು ಕಾಳಾಂಜನ ಎನ್ನುತ್ತವೆ. ನಿಡುಗಲ್ಲು ಚೋಳರ ಇರುಂಗೋಳನ ಕಾಲದಲ್ಲಿ, ಕ್ರಿ.ಶ. 1232ರಲ್ಲಿ, ಗಂಗೆಯನ ಮಾರೆಯ ಎಂಬಾತ ಇಲ್ಲಿ ಪಾರ್ಶ್ವಜಿನನಿಗೆ ಜೋಗವಟ್ಟಿಗೆ ಬಸದಿ ಕಟ್ಟಿಸಿದ. ತುಮಕೂರು ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟವನ್ನು ಬಿ.ಎಲ್. ರೈಸ್ 1904ರಲ್ಲೇ ಹೊರತಂದಿದ್ದಾರೆ. ಆ ಕಾಲದ ಬಸದಿಗಳ ದತ್ತಿಗಳಲ್ಲಿ ಮೂರು ಬಾಬತ್ತು ಮತ್ತೆಮತ್ತೆ ಬರುತ್ತವೆ: ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ. ಪೂಜೆ, ಊಟ, ರಿಪೇರಿ. ಮೂರನೆಯದನ್ನು ಓದುವಾಗ ನನ್ನೊಳಗಿನ ಸಿವಿಲ್ ಇಂಜಿನಿಯರ್ ಕಿವಿ ನಿಮಿರುತ್ತೆ. ಒಡೆದದ್ದು, ಬಿರಿದದ್ದು ಸರಿಮಾಡೋಕೆ ಕಟ್ಟುವಾಗಲೇ ಹೊಲ ಬಿಟ್ಟಿರುತ್ತಾರೆ. ಸೋರುವ ಮಾಡಿನ ಕೆಳಗೆ ವಸತಿ ಇಲ್ಲ, ಅದು ಅವರಿಗೆ ಗೊತ್ತಿತ್ತು.

ಇನ್ನು ಒಳಗಿನ ಅಳತೆ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ನಮ್ಮ ಕಡೆ ಮನೆಯನ್ನೂ ಮೂರಂಕಣದ್ದು, ಐದಂಕಣದ್ದು ಅಂತಲೇ ಹೇಳೋದು. ಗೋಡೆಯಿಂದ ಗೋಡೆಗಲ್ಲ, ಕಂಬದಿಂದ ಕಂಬಕ್ಕೆ ಲೆಕ್ಕ. ಕಾರಣ ಕಲ್ಲಿನಲ್ಲೇ ಇದೆ. ಕಲ್ಲು ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಅಷ್ಟೇ ದಪ್ಪದ ತೊಲೆಯ ಉದ್ದ ಎರಡು ಪಟ್ಟಾದರೆ ಅದೇ ಭಾರದ ದರಕ್ಕೆ ನಡುವಿನ ಬಾಗುಬಲ ನಾಲ್ಕು ಪಟ್ಟಾಗುತ್ತೆ, ತೊಲೆ ತಳದಿಂದ ಸೀಳುತ್ತೆ. ಅದಕ್ಕೇ ಬೋದಿಗೆ ಇಟ್ಟು ತೊಲೆಯ ಬಿಡುವನ್ನು ಒಂದಿಷ್ಟು ಕಡಿಮೆ ಮಾಡೋದು. ಮಧುಗಿರಿಯಲ್ಲಿ ಅಕ್ಕಪಕ್ಕ ಇರುವ ವೆಂಕಟರಮಣ, ಮಲ್ಲೇಶ್ವರ ಗುಡಿಗಳಿಗೆ ಹೋದಾಗ ಕೆತ್ತನೆಗಿಂತ ಮೊದಲು ತಲೆ ಎತ್ತಿ ತೊಲೆ ನೋಡಿ. ಒಳಗೆ ದೊಡ್ಡ ಜಾಗ ಬೇಕು ಅಂದರೆ ಕಂಬ ಹೆಚ್ಚಬೇಕು. ಜಾಗ ಬೆಳೆದಷ್ಟೂ ಕಂಬಗಳೇ ಅದನ್ನು ತುಂಬುತ್ತವೆ.

ಶಿರಾದಲ್ಲಿ ಈ ಲೆಕ್ಕವೇ ಬೇರೆ. ಬಿಜಾಪುರದ ಆದಿಲಶಾಹಿಗಳ ಸುಬೇದಾರನಾಗಿದ್ದ ಮಲಿಕ್ ರಿಹಾನನ ಗೋರಿ 1651ರದು. ಗುಮ್ಮಟದಲ್ಲಿ ಭಾರವೆಲ್ಲ ಸುತ್ತಲ ಗೋಡೆಗೆ ಇಳಿಯುತ್ತೆ, ನಡುವೆ ಕಂಬ ಬೇಡ. ಅದೇ ದಶಕದಲ್ಲಿ ಬಿಜಾಪುರದ ಗೋಳಗುಮ್ಮಟ ಸುಮಾರು 41 ಮೀಟರ್ ಚೌಕದ ಒಳಾಂಗಣವನ್ನು ಒಂದೇ ಕಂಬವಿಲ್ಲದೆ ಮುಚ್ಚಿತು. ಅಷ್ಟು ದೊಡ್ಡ ಖಾಲಿ, ಅದರಡಿ ಕೆಲವೇ ಸಮಾಧಿ!

ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ತೊಲೆಯೂ ಇಲ್ಲ, ಗುಮ್ಮಟವೂ ಇಲ್ಲ. ಬಂಡೆಗಳ ಸಂದಿನ ಗವಿಯೇ ಸಿದ್ಧೇಶ್ವರನ ಗುಡಿ. ಮನುಷ್ಯ ಕಟ್ಟದ ಮಾಡು, ಆದರೂ ಒಳಗೆ ಕಾಲಿಟ್ಟವರು ದನಿ ತಗ್ಗಿಸುತ್ತಾರೆ.

ಈಗ ಊರೂರಲ್ಲಿ ಜೀರ್ಣೋದ್ಧಾರ ನಡೀತಿದೆ. ಹಳೇ ಶಾಸನದ ಮಾತು ಬಿರುಕು ಮುಚ್ಚಿ ಅನ್ನುತ್ತೆ. ನಾವು ಕಂಬಕ್ಕೆ ಎನಾಮೆಲ್, ನೆಲಕ್ಕೆ ಟೈಲ್ಸ್ ಹಾಕ್ತೀವಿ. ತೊಲೆ, ಕಂಬದ ಬುಡ, ಹೊಸ್ತಿಲು, ಇವು ಮೂರೂ ಒಳಗೆ ಬರಹ ಇರಬಹುದಾದ ಜಾಗಗಳು. ಬಣ್ಣದ ಡಬ್ಬಿ ತೆರೆಯೋ ಮುಂಚೆ ಒಂದು ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಅಕ್ಷರ ಕಂಡರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಕಳಿಸಿ. ಸುಣ್ಣ ಕೆರೆಯಬೇಡಿ, ಅದನ್ನು ಬಂದು ನೋಡ್ತೀವಿ.