ಮೊದಲು ಹಸು, ಆಮೇಲೆ ವಾದ

ಬಾಕಿ ವಸೂಲಿಯ ನೆಪದಲ್ಲಿ ಇನ್ನೊಬ್ಬರ ದನ ಹೊಡೆದುಕೊಂಡು ಹೋಗಿ, ಕೋಟೆಯೊಳಗೆ ಕೂಡಿಹಾಕಿ ಬಾಗಿಲು ಜಡಿದುಕೊಂಡ ಇಂಗ್ಲೆಂಡಿನ ಜಮೀನ್ದಾರನನ್ನು ಏನು ಮಾಡಬೇಕು? 1275ರ ವೆಸ್ಟ್‌ಮಿನ್ಸ್ಟರ್ ಶಾಸನದ ಉತ್ತರ ಸರಳವಾಗಿತ್ತು. ರಾಜನ ಅಧಿಕಾರಿಯಾದ ಶೆರೀಫ್ ಬಂದು ಕೇಳಿದರೂ ದನ ಬಿಡದಿದ್ದರೆ ಕೋಟೆಯನ್ನೇ ಕೆಡವಬೇಕು. ಒಂದು ಜೊತೆ ಎತ್ತಿಗೆ ಒಂದು ಕೋಟೆ! ನಮ್ಮ ಸಲಹಾ ಕೇಂದ್ರಕ್ಕೆ ಬರುವವರಿಗೆ ಇದನ್ನು ಹೇಳಿದರೆ ಯಾರಿಗೂ ನಗು ಬರುವುದಿಲ್ಲ. ಅವರ ಕಾರು ಚಕ್ರಕ್ಕೆ ಹಳದಿ ಕಬ್ಬಿಣದ ಕ್ಲ್ಯಾಂಪ್ ಕಚ್ಚಿಸಿಕೊಂಡು ಮನೆ ಮುಂದೆ ನಿಂತಿರುತ್ತದೆ.

ನಾನು ಸಾಗರದಲ್ಲಿ ವಕೀಲಿ ಮಾಡಿದವಳು. ಮಗನ ಸಂಸಾರದ ಜೊತೆ ಇಂಗ್ಲೆಂಡಿಗೆ ಬಂದ ಮೇಲೆ ಸುಮ್ಮನೆ ಕೂರಲಾರದೆ ಒಂದು ಉಚಿತ ಸಲಹಾ ಕೇಂದ್ರದಲ್ಲಿ ಕಾಗದಪತ್ರ ನೋಡಿಕೊಡುತ್ತೇನೆ. ಕಾರಿಗೆ ಕ್ಲ್ಯಾಂಪ್ ಹಾಕುವ ಬೇಲಿಫ್ ಅಂದರೆ ನಮ್ಮ ಕಡೆಯ ಕೋರ್ಟಿನ ಅಮೀನನಂಥವನು, ಆದರೆ ಇಲ್ಲಿ ಹೆಚ್ಚಿನವರು ಖಾಸಗಿ ಕಂಪನಿಯ ಕಡೆಯವರು. ಮಗ ಕಟ್ಟದ ಕೌನ್ಸಿಲ್ ತೆರಿಗೆಗೆ ತಾಯಿಯ ಕಾರು ಜಪ್ತಿ. ಹಿಂದಿನ ಮಾಲೀಕನ ಪಾರ್ಕಿಂಗ್ ದಂಡಕ್ಕೆ ಹೊಸದಾಗಿ ಕೊಂಡವನ ವ್ಯಾನು ಜಪ್ತಿ. ಮನೆ ಬದಲಿಸಿದವಳಿಗೆ ನೋಟಿಸು ಹಳೆಯ ವಿಳಾಸಕ್ಕೆ ಹೋಗಿ, ಕ್ಲ್ಯಾಂಪ್ ಮಾತ್ರ ಸರಿಯಾಗಿ ಹೊಸ ವಿಳಾಸಕ್ಕೆ ಬಂದಿರುತ್ತದೆ. ಇವರ ಪ್ರಕರಣಗಳಿಗಾಗಿ ಪುಸ್ತಕ ತಿರುವುತ್ತ ಹೋದಾಗ ನಾನು ತಲುಪಿದ್ದು ದನದ ದೊಡ್ಡಿಗೆ.

ದೊಡ್ಡಿ ನನಗೆ ಹೊಸದಲ್ಲ. ಗದ್ದೆಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದು, ಅದರ ಒಡೆಯ ದಂಡ ಕಟ್ಟಿ ಬಿಡಿಸಿಕೊಂಡು ಬರುವುದನ್ನು ನೋಡುತ್ತಲೇ ನಮ್ಮ ತಲೆಮಾರು ಬೆಳೆದದ್ದು. ಆ ದೊಡ್ಡಿಯ ಹಿಂದಿದ್ದ 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆಯನ್ನು ಬರೆದವರು ಇಲ್ಲಿಯವರೇ. ಅನ್ಯಾಯವಾಗಿ ದನ ಹಿಡಿದರೆ ಹತ್ತು ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು, ನೂರು ರೂಪಾಯಿಯವರೆಗೆ ಪರಿಹಾರ ಸಿಗುತ್ತದೆ ಎಂದು ಅದರಲ್ಲಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಈಗಲೂ ಕಲ್ಲಿನ ದೊಡ್ಡಿಗಳು ಉಳಿದಿವೆ. ಕೆಲವದರೊಳಗೆ ಬೆಂಚು ಹಾಕಿ ಹೂಗಿಡ ಬೆಳೆಸಿದ್ದಾರೆ.

ಗೇಣಿ ಬಾಕಿ ಬಿದ್ದರೆ ಒಡೆಯನು ಕೋರ್ಟಿಗೆ ಹೋಗದೆಯೇ ಗೇಣಿದಾರನ ದನ ಹಿಡಿಯಬಹುದು ಎಂಬುದು ಇಲ್ಲಿನ ಬಹಳ ಹಳೆಯ ಹಕ್ಕಾಗಿತ್ತು. ಅದಕ್ಕೆ ಮೂಗುದಾರ ಹಾಕಿದ್ದು 1267ರ ಮಾರ್ಲ್‌ಬರೋ ಶಾಸನ. ಬಾಕಿಗೆ ತಕ್ಕಷ್ಟೇ ಹಿಡಿಯಬೇಕು, ಹಿಡಿದದ್ದನ್ನು ಜಿಲ್ಲೆಯ ಗಡಿ ದಾಟಿಸಬಾರದು, ರಾಜಮಾರ್ಗದಲ್ಲಿ ಹಿಡಿಯಬಾರದು. ರಾಜಮಾರ್ಗದಲ್ಲಿ ಕೈಹಾಕುವ ಹಕ್ಕು ರಾಜನಿಗೆ ಮತ್ತು ಅವನ ಅಧಿಕಾರಿಗಳಿಗೆ ಮಾತ್ರ. ಉಳುವ ಎತ್ತಿಗೆ ಇನ್ನೊಂದು ಕಟ್ಟಳೆಯ ರಕ್ಷಣೆ ಇತ್ತು, ಬೇರೆ ಸ್ವತ್ತು ಇರುವಾಗ ಅದನ್ನು ಮುಟ್ಟುವಂತಿರಲಿಲ್ಲ. ಸವಾರ ಕೂತಿರುವ ಕುದುರೆಯನ್ನು ಹಿಡಿಯುವಂತಿರಲಿಲ್ಲ, ಲಾಳ ಹೊಡೆಸಲು ಕಮ್ಮಾರನಲ್ಲಿ ಬಿಟ್ಟ ಕುದುರೆಯನ್ನೂ ಹಿಡಿಯುವಂತಿರಲಿಲ್ಲ. ಬಯಲು ದೊಡ್ಡಿಯಲ್ಲಿದ್ದ ದನಕ್ಕೆ ಮೇವು ಹಾಕುವ ಹೊಣೆ ಅದರ ಒಡೆಯನದು. ಮುಚ್ಚಿದ ಕೊಟ್ಟಿಗೆಯಲ್ಲಿ ಕೂಡಿದ್ದರೆ ಮಾತ್ರ ಹಿಡಿದವನೇ ಹಾಕಬೇಕು. ದನ ಹಸಿದಿರುತ್ತದೆ ಎಂಬುದನ್ನು ನ್ಯಾಯಾಧೀಶರು ಮರೆತಿರಲಿಲ್ಲ.

ಈ ಎಲ್ಲದರ ನಡುವೆ ನನಗೆ ಬಹಳ ಹಿಡಿಸಿದ್ದು ರೆಪ್ಲೆವಿನ್ ಎಂಬ ಪರಿಹಾರ. ದನ ಕಳೆದುಕೊಂಡವನು ಶೆರೀಫನ ಬಳಿ ಹೋಗುತ್ತಾನೆ. ದಾವೆ ನಡೆಸುತ್ತೇನೆ, ಸೋತರೆ ದನವನ್ನು ಮರಳಿ ಒಪ್ಪಿಸುತ್ತೇನೆ ಎಂದು ಜಾಮೀನು ಬರೆದುಕೊಡುತ್ತಾನೆ. ಅಷ್ಟು ಸಾಕು, ಶೆರೀಫ್ ಹೋಗಿ ದನ ಬಿಡಿಸಿ ತಂದುಕೊಡಬೇಕು. ಬಾಕಿ ಇತ್ತೋ ಇಲ್ಲವೋ, ಹಿಡಿದದ್ದು ಸರಿಯೋ ತಪ್ಪೋ ಎಂಬ ತರ್ಕವೆಲ್ಲ ಆಮೇಲೆ. ಅಷ್ಟರಲ್ಲಿ ಎತ್ತು ಹೊಲದಲ್ಲಿರುತ್ತದೆ, ಉಳುಮೆ ನಿಲ್ಲುವುದಿಲ್ಲ. ಹಿಡಿದವನು ದನವನ್ನು ಬಚ್ಚಿಟ್ಟಿದ್ದರೆ ಅವನ ದನವನ್ನೇ ಎಳೆದುತಂದು ಇವನಿಗೆ ಕೊಡುವ ಆದೇಶವೂ ಇತ್ತು. ಕೋಟೆ ಕೆಡವುವ ಮಾತು ಬಂದದ್ದು ಈ ಸಾಲಿನಲ್ಲಿಯೇ.

ಜೊತೆಗೆ ಇನ್ನೂ ಒರಟಾದ ಒಂದು ಹಕ್ಕಿತ್ತು. ಕಾರಣವಿಲ್ಲದೆ ನಿಮ್ಮ ದನ ಹಿಡಿದರೆ, ಅದು ದೊಡ್ಡಿ ಮುಟ್ಟುವುದರೊಳಗೆ ನೀವೇ ಕಿತ್ತುಕೊಂಡು ಬರಬಹುದು. ದೊಡ್ಡಿ ಸೇರಿತೋ, ಅದು ಕಾನೂನಿನ ವಶ. ಆಮೇಲೆ ಬೇಲಿ ಮುರಿದರೆ ನೀವೇ ಅಪರಾಧಿ.

ಹಾಗೆ ಹಿಡಿದ ಸ್ವತ್ತು ಬಹುಕಾಲ ಬರೀ ಒತ್ತೆಯಾಗಿತ್ತು, ಮಾರುವ ಅಧಿಕಾರ ಇರಲಿಲ್ಲ. 1689ರ ಕಾಯ್ದೆ ಅದನ್ನು ಕೊಟ್ಟಿತು. ಐದು ದಿನದೊಳಗೆ ರೆಪ್ಲೆವಿನ್ ಮಾಡಿಸಿಕೊಳ್ಳದಿದ್ದರೆ ಬೆಲೆ ಕಟ್ಟಿ ಮಾರಬಹುದು. ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳಿತು: ಬಾಕಿಯೇ ಇಲ್ಲದೆ ಹಿಡಿದು ಮಾರಿದ್ದರೆ ಸ್ವತ್ತಿನ ಎರಡರಷ್ಟು ಬೆಲೆ ತೆರಬೇಕು. ಅದಕ್ಕೂ ಮುಂಚೆ, 1610ರಲ್ಲಿ, ಲಂಡನ್ನಿನ ಕ್ರಿಪಲ್‌ಗೇಟ್‌ನ ಹೋಟೆಲಿನಲ್ಲಿ ವೈನ್ ಕುಡಿದು ದುಡ್ಡು ಕೊಡದ ಆರು ಬಡಗಿಗಳ ಪ್ರಕರಣದಲ್ಲಿ ಒಂದು ಸೂತ್ರ ಗಟ್ಟಿಯಾಗಿತ್ತು. ಕಾನೂನು ಕೊಟ್ಟ ಅಧಿಕಾರವನ್ನು ದುರುಪಯೋಗ ಮಾಡಿದವನು ಮೊದಲ ಹೆಜ್ಜೆಯಿಂದಲೇ ಅತಿಕ್ರಮಣಕಾರ. (ಬಡಗಿಗಳು ಮಾತ್ರ ಬಚಾವಾದರು, ದುಡ್ಡು ಕೊಡದಿರುವುದು ಬರೀ ಮಾಡದ ಕೆಲಸ, ಮಾಡಿದ ಕೆಟ್ಟ ಕೆಲಸವಲ್ಲ ಅಂತ.) ಬೇಲಿಫ್‌ಗಳಿಗೆ ಈ ಸೂತ್ರ ಕುತ್ತಿಗೆಯ ಮೇಲಿನ ಕತ್ತಿಯಾಗಿತ್ತು. ಬಾಡಿಗೆ ನಿಜವಾಗಿ ಬಾಕಿಯಿದ್ದಲ್ಲಿ ಸಣ್ಣಪುಟ್ಟ ಲೋಪಕ್ಕೆ ಅದು ಅನ್ವಯಿಸದು ಎಂದು 1737ರ ಕಾಯ್ದೆ ಆ ಕತ್ತಿಯನ್ನು ಮೊಂಡು ಮಾಡಿತು. ಅಲ್ಲಿಂದ ಮುಂದಕ್ಕೆ ಈ ಇತಿಹಾಸ ಹೆಚ್ಚುಕಡಿಮೆ ಹಿಡಿಯುವವನ ಕಡೆಗೇ ವಾಲುತ್ತ ಬಂದಿದೆ ಅನ್ನುವುದು ನನ್ನ ಲೆಕ್ಕ. 1888ರಲ್ಲಿ ಬೇಲಿಫ್‌ಗಳಿಗೆ ಕೌಂಟಿ ಕೋರ್ಟಿನ ಪ್ರಮಾಣಪತ್ರ ಕಡ್ಡಾಯವಾದದ್ದು ಇದಕ್ಕೆ ಅಪವಾದ.

ಇನ್ನು ಆ ಹಳದಿ ಕಬ್ಬಿಣ. ಅದನ್ನು ಮಾಡಿದವನು ಅಮೆರಿಕದ ಡೆನ್ವರ್ ಊರಿನ ಫ್ರಾಂಕ್ ಮರುಗ್, ಅಲ್ಲಿನ ಸಿಂಫನಿಯ ಪಿಟೀಲುವಾದಕ, ಅಚ್ಚು ತಯಾರಿಸುವ ಕಸುಬುದಾರ ಕೂಡ. 1955ರಲ್ಲಿ ಡೆನ್ವರ್ ಪೊಲೀಸರು ಅದನ್ನು ಬಳಸತೊಡಗಿದರು, 1958ರಲ್ಲಿ ಪೇಟೆಂಟ್ ಸಿಕ್ಕಿತು. ಲಂಡನ್ನಿನ ಬೀದಿಗೆ ಅದು ಇಳಿದದ್ದು 1983ರಲ್ಲಿ. ಆಗ ಅದು ಪೊಲೀಸರ ಕೈಯಲ್ಲಿತ್ತು. ಆಮೇಲೆ ಜಾಗವಿದ್ದವರೆಲ್ಲ ಒಂದು ಬೋರ್ಡು ನೆಟ್ಟು, ಕ್ಲ್ಯಾಂಪ್ ಹಿಡಿದ ಹುಡುಗರನ್ನು ಕಾವಲಿಗಿಟ್ಟರು.

ಅವರನ್ನು ಕೋರ್ಟಿಗೆ ಎಳೆದಾಗ ದೊಡ್ಡಿ ಮತ್ತೆ ಎದ್ದು ಬಂತು. ಕಾರ್ನ್‌ವಾಲ್‌ನ ಟ್ರೂರೋ ಊರಿನ ಕಾರ್ ಪಾರ್ಕೊಂದರಿಂದ ಹುಟ್ಟಿದ ಆರ್ಥರ್ ವಿರುದ್ಧ ಆಂಕರ್ ಪ್ರಕರಣದಲ್ಲಿ, ಹೊಲಕ್ಕೆ ನುಗ್ಗಿದ ದನ ಹಿಡಿಯುವ ಹಕ್ಕೇ ನಮ್ಮದು ಎಂದು ಕ್ಲ್ಯಾಂಪ್ ಹಾಕಿದವರು ವಾದಿಸಿದರು. ದನ ಪೈರು ಮೇಯುತ್ತದೆ, ನಿಂತ ಕಾರು ಏನು ಮೇಯಿತು ಎಂಬ ಧಾಟಿಯಲ್ಲಿ ಬಹುಮತದ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಆದರೂ ಕ್ಲ್ಯಾಂಪ್ ಕಡೆಯವರು ಗೆದ್ದರು. ಬೋರ್ಡು ನೋಡಿಯೂ ನಿಲ್ಲಿಸಿದವನು ಕ್ಲ್ಯಾಂಪ್‌ಗೆ ಒಪ್ಪಿದಂತೆ, ಅಂತ. ಆ ಕಾರಿನ ಒಡೆಯ ರಾತ್ರಿ ಬಂದು ಕಾರಿನ ಜೊತೆ ಕ್ಲ್ಯಾಂಪನ್ನೂ ಎತ್ತಿಕೊಂಡು ಹೋಗಿದ್ದ! ದೊಡ್ಡಿ ಮುಟ್ಟುವ ಮೊದಲು ದನ ಕಿತ್ತುಕೊಂಡು ಬರುತ್ತಿದ್ದವರ ವಂಶ. 2000ದಲ್ಲಿ ಇನ್ನೊಂದು ಪ್ರಕರಣ: ಕಾಯಿಲೆಯ ಹೆಣ್ಣುಮಗಳೊಬ್ಬಳು ವಾಂತಿ ತಡೆಯಲಾರದೆ ಕಾರು ನಿಲ್ಲಿಸಿ ಇಳಿದು, ಕೆಲವೇ ನಿಮಿಷಕ್ಕೆ ತಿರುಗಿ ಬರುವಷ್ಟರಲ್ಲಿ ಚಕ್ರಕ್ಕೆ ಬೀಗ. ಬೋರ್ಡನ್ನೇ ನೋಡದವಳು ಒಪ್ಪಿದ್ದು ಹೇಗೆ ಎಂದು ಕೋರ್ಟು ಆಕೆಯ ಪರ ನಿಂತಿತು. ಸ್ಕಾಟ್ಲೆಂಡಿನ ನ್ಯಾಯಾಧೀಶರು ಇಷ್ಟೆಲ್ಲ ಸುತ್ತಿ ಬಳಸಲಿಲ್ಲ. ಖಾಸಗಿ ಜಾಗದಲ್ಲಿ ಕ್ಲ್ಯಾಂಪ್ ಹಾಕಿ ದುಡ್ಡು ಕೇಳುವುದು ಸುಲಿಗೆ ಮತ್ತು ಕಳವು ಎಂದು 1992ರಲ್ಲೇ ಹೇಳಿ ಕೈತೊಳೆದುಕೊಂಡರು. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಅದು ನಿಂತದ್ದು 2012ರ ಅಕ್ಟೋಬರ್ 1ರಂದು.

ಬೇಲಿಫ್‌ನ ಕ್ಲ್ಯಾಂಪ್ ಮಾತ್ರ ಉಳಿಯಿತು. ಕಾನೂನಿನ ಅಧಿಕಾರ ಅವನ ಬೆನ್ನಿಗಿದೆ.

ಇಂದಿನ ಕಟ್ಟಳೆ 2007ರ ಕಾಯ್ದೆಯದು, ಜಾರಿಗೆ ಬಂದದ್ದು 2014ರ ಏಪ್ರಿಲ್ 6ರಂದು. ಅದರಲ್ಲಿ ಹಳೆಯ ಎತ್ತಿನ ನೆರಳು ಅಲ್ಲಲ್ಲಿ ಕಾಣುತ್ತದೆ. ಕಸುಬಿಗೆ ಬೇಕಾದ ಸಾಮಾನು ಒಟ್ಟು 1,350 ಪೌಂಡ್‌ವರೆಗೆ ಜಪ್ತಿಯಿಂದ ಹೊರಗೆ, ಅಷ್ಟರೊಳಗಿನ ಬೆಲೆಯ ಹಳೆಯ ವ್ಯಾನು ಇದರಿಂದಲೇ ಬದುಕುತ್ತದೆ. ಅಂಗವಿಕಲರ ಬ್ಯಾಡ್ಜ್ ಪ್ರದರ್ಶಿಸಿದ ಕಾರನ್ನೂ ಮುಟ್ಟುವಂತಿಲ್ಲ. ಬಾಕಿದಾರನ ಸ್ವತ್ತನ್ನಷ್ಟೇ ಹಿಡಿಯಬೇಕು. ಕ್ಲ್ಯಾಂಪ್ ಹಾಕಿದರೆ ಎಚ್ಚರಿಕೆಯ ಕಾಗದ ಅಂಟಿಸಬೇಕು, ದುಡ್ಡು ಕಟ್ಟದಿದ್ದರೆ ಕಡಿಮೆಯೆಂದರೂ ಎರಡು ಗಂಟೆ ಕಾರು ಇದ್ದಲ್ಲೇ ಇರಬೇಕು.

ಆ ಎರಡು ಗಂಟೆ ನನ್ನ ಮೇಜಿನಲ್ಲಿ ಬಹಳ ಬೇಗ ಕರಗುತ್ತದೆ. ಮೊದಲು ಕೇಳುವುದು ಕಾರು ಕೊಂಡ ರಸೀದಿ, ಬ್ಯಾಂಕಿನಿಂದ ಹಣ ಹೋದ ದಾಖಲೆ, ವಿಮೆ. ಸಾರಿಗೆ ಇಲಾಖೆಯ ನೋಂದಣಿ ಪತ್ರವನ್ನು ಎಲ್ಲರೂ ಎದೆಗವಚಿಕೊಂಡು ತರುತ್ತಾರೆ. ಅದು ಒಡೆತನಕ್ಕೆ ಪುರಾವೆಯಲ್ಲ ಎಂದು ಅದರ ಮೇಲೆಯೇ ಅಚ್ಚಾಗಿದೆ. ಕಾರು ಬಾಕಿದಾರನದಲ್ಲ ಅಂತಾದರೆ ಬೇಲಿಫ್‌ಗೆ ಲಿಖಿತ ಹಕ್ಕುಕೋರಿಕೆ ಕೊಡಬೇಕು. ಕಾರು ಎತ್ತೊಯ್ದ ಏಳು ದಿನದೊಳಗೆ ಎಂದು ನಿಯಮ, ನಾನು ಆ ಕ್ಷಣವೇ ಕೊಡಿಸುತ್ತೇನೆ. ಬಾಕಿ ಕೇಳುತ್ತಿರುವವರು ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು, ಮತ್ತು ಕಾರಿನ ಬೆಲೆಯನ್ನೋ ಕೋರ್ಟು ಹೇಳಿದಷ್ಟು ಪಾಲನ್ನೋ ಠೇವಣಿ ಇಡಬೇಕು. ಕೋರ್ಟಿಗೆ ಹಾಕಿದ ಅರ್ಜಿಯ ನೋಟಿಸು ಸಿಕ್ಕ ಮೇಲೆ ಬೇಲಿಫ್ ಕಾರು ಮಾರುವಂತಿಲ್ಲ. ನೋಟಿಸು ಹಳೆಯ ವಿಳಾಸಕ್ಕೆ ಹೋದ ಪಾರ್ಕಿಂಗ್ ದಂಡವಾದರೆ ದಾರಿಯೇ ಬೇರೆ, ನಾರ್ಥಾಂಪ್ಟನ್‌ನಲ್ಲಿ ಇಂಥ ದಂಡಗಳಿಗೆಂದೇ ಇರುವ ಕೋರ್ಟಿನ ಕೇಂದ್ರಕ್ಕೆ ಅವಧಿ ಮೀರಿದ ಹೇಳಿಕೆ ಸಲ್ಲಿಸಬೇಕು.

ಆದರೆ ಮೊದಲು ಹಸು ಬಿಡಿಸಿ ಆಮೇಲೆ ವಾದ ಮಾಡುವ ಆ ಹಕ್ಕು? 2007ರ ಕಾಯ್ದೆಯ 65ನೇ ಕಲಮು ಬೇಲಿಫ್ ಜಪ್ತಿಗೆ ರೆಪ್ಲೆವಿನ್ ನಿಯಮಗಳನ್ನೂ, ಸ್ವತ್ತನ್ನು ಕಿತ್ತುಕೊಂಡು ಬರುವ ನಿಯಮಗಳನ್ನೂ ಹೆಸರು ಹಿಡಿದು ತೆಗೆದುಹಾಕಿದೆ. ಏಳೆಂಟು ಶತಮಾನದ ಹಕ್ಕಿಗೆ ಎರಡು ಪುಟ್ಟ ಸಾಲು. ಹಳೆಯ ಜಾಮೀನು ಎತ್ತನ್ನು ಹೊಲಕ್ಕೆ ತರುತ್ತಿತ್ತು. ಇಂದಿನ ಠೇವಣಿ ಕಟ್ಟಿದರೂ ಸಿಗುವುದು ಮಾರಾಟಕ್ಕೆ ತಡೆ ಮಾತ್ರ, ಟ್ಯಾಕ್ಸಿ ಓಡಿಸುವವನು ಅಷ್ಟು ದಿನ ಬಸ್ಸಿನಲ್ಲಿ ಓಡಾಡುತ್ತಾನೆ. 1977ರ ಇನ್ನೊಂದು ಕಾಯ್ದೆಯಡಿ ಮಧ್ಯಂತರವಾಗಿ ಸ್ವತ್ತು ಕೊಡಿಸುವ ಅಧಿಕಾರ ಕೋರ್ಟಿಗಿದೆ, ನಿಜ. ಅದನ್ನು ಕೇಳಲು ತಗಲುವ ಖರ್ಚು ನಮ್ಮಲ್ಲಿಗೆ ಬರುವವರ ಕೈಯಲ್ಲಿರುವುದಿಲ್ಲ.

ಬಾಕಿದಾರನೇ ಅನ್ಯಾಯಕ್ಕೆ ಒಳಗಾಗಿದ್ದರೆ ಕೋರ್ಟು ಕಾರು ಮರಳಿಸಲು, ನಷ್ಟ ತುಂಬಿಕೊಡಲು ಆದೇಶ ಮಾಡಬಹುದು. ಎರಡರಷ್ಟು ಬೆಲೆ ಎಂಬ ಮಾತು ಈಗಿಲ್ಲ. ಅದರ ಜಾಗದಲ್ಲಿ ಬೇಲಿಫ್‌ಗೆ ಒಂದು ರಕ್ಷಣೆ ಬಂದಿದೆ: ನಿಯಮ ಮುರಿಯುತ್ತಿಲ್ಲ ಎಂದು ತಾನು ಸಕಾರಣವಾಗಿ ನಂಬಿದ್ದೆ ಎಂದು ತೋರಿಸಿದರೆ ಅವನು ನಷ್ಟ ಕಟ್ಟಿಕೊಡಬೇಕಿಲ್ಲ. ಹಾಗಾಗಿ ನಾನು ಬಂದವರಿಗೆ ಬೀದಿಯಲ್ಲಿ ಜಗಳಕ್ಕೆ ನಿಲ್ಲಬೇಡಿ, ಕ್ಲ್ಯಾಂಪ್ ಮುಟ್ಟಬೇಡಿ ಅನ್ನುತ್ತೇನೆ, ಮುಟ್ಟಿದರೆ ಅಪರಾಧ. ಬ್ಯಾಡ್ಜಿನ ಫೋಟೋ, ರಸೀದಿಯ ಫೋಟೋ ಎಲ್ಲವನ್ನೂ ಬೇಲಿಫ್ ಇನ್ನೂ ವ್ಯಾನಿನಲ್ಲಿ ಕೂತಿರುವಾಗಲೇ ಅವನ ಕಂಪನಿಗೂ ಕೌನ್ಸಿಲ್‌ಗೂ ಇ-ಮೇಲ್ ಮಾಡಿಸುತ್ತೇನೆ, ಗಂಟೆ ನಿಮಿಷ ದಾಖಲಾಗುವಂತೆ. ಅದಾದ ಮೇಲೆ ಅವನು ಏನನ್ನು ನಂಬಿದ್ದ ಎಂದು ನ್ಯಾಯಾಧೀಶರ ಮುಂದೆ ಹೇಳುವುದು ಅವನಿಗೆ ಬಿಟ್ಟದ್ದು.